ಪುಟ್ಟಿ ಹೊತ್ತರೆ ಕೆಲಸವಲ್ಲವೇ?

ಬಿ.ಎಡ್. ಓದುವವರ ಪಾಠ ಯೋಜನೆಯ ಪುಸ್ತಕದಲ್ಲಿ ಒಂದು ಅಂಕಣವಿರುತ್ತದೆ: ‘ವಿದ್ಯಾರ್ಥಿಗಳ ಪ್ರತಿಕ್ರಿಯೆ’. ಎಡಗಡೆ ಶಿಕ್ಷಕಿ ಕೇಳುವ ಪ್ರಶ್ನೆ, ಬಲಗಡೆ ಮಕ್ಕಳು ಹೇಳುವ ಉತ್ತರ. ಎರಡನ್ನೂ ಹಿಂದಿನ ರಾತ್ರಿ ಹಾಸ್ಟೆಲ್‌ನ ಮಂಚದ ಮೇಲೆ ಕೂತು ನಾವೇ ಬರೆಯುತ್ತೇವೆ. ನಾಳೆ ಮಗು ಏನು ಹೇಳಬೇಕೆಂದು ಇವತ್ತೇ ಅಂದವಾದ ಅಕ್ಷರದಲ್ಲಿ ಬರೆದಿಟ್ಟು ಮಲಗುತ್ತೇವೆ. ಗದಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು 16 ವಾರ ಇಂಟರ್ನ್‌ಶಿಪ್ ಮಾಡಿದೆ. ಅಲ್ಲಿ ಕಲಿತದ್ದರಲ್ಲಿ ಬಹುಪಾಲು ಆ ಬಲಗಡೆಯ ಅಂಕಣದಲ್ಲಿ ನಾನು ಬರೆಯದೇ ಹೋದ ಒಂದು ಸಾಲಿನಿಂದ ಬಂದದ್ದು.

ಒಂಬತ್ತನೇ ತರಗತಿ. ಪಾಠ ‘ಕೆಲಸ ಮತ್ತು ಶಕ್ತಿ’. ಬೋರ್ಡಿನ ಮೇಲೆ ‘ಕೆಲಸ = ಬಲ × ಸ್ಥಾನಪಲ್ಲಟ’ ಎಂದು ಬರೆದು, ಗೋಡೆಯನ್ನು ಎಷ್ಟು ಹೊತ್ತು ತಳ್ಳಿದರೂ ಅದು ಕದಲದಿದ್ದರೆ ಕೆಲಸ ಸೊನ್ನೆ ಎಂದು ಹೇಳಿದೆ. ಮಕ್ಕಳು ನಕ್ಕರು. ತಲೆಯ ಮೇಲೆ ಭಾರ ಹೊತ್ತು ನಿಂತಲ್ಲೇ ನಿಂತರೂ ಸೊನ್ನೆ. ಭಾರ ಹೊತ್ತು ಸಮತಟ್ಟಾದ ದಾರಿಯಲ್ಲಿ ಒಂದೇ ಸಮನೆ ನಡೆದರೂ, ಬಲ ಮೇಲಕ್ಕೆ, ನಡಿಗೆ ಅಡ್ಡಕ್ಕೆ. ಎರಡರ ನಡುವೆ 90 ಡಿಗ್ರಿ ಕೋನ. ಆದ್ದರಿಂದ ಆ ಭಾರದ ಮೇಲೆ ನಡೆದ ಕೆಲಸ ಸೊನ್ನೆ. ಅಷ್ಟರಲ್ಲಿ ಎರಡನೇ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

“ಟೀಚರ್ರೀ, ನಮ್ಮವ್ವ ಗೌಂಡಿ ಕೆಲಸಕ್ಕ ಹೋಗ್ತಾಳ್ರೀ. ದಿನಾ ಪುಟ್ಟಿ ಹೊರ್ತಾಳ. ಅದು ಕೆಲಸ ಅಲ್ಲೇನ್ರೀ?”

ತರಗತಿ ತಣ್ಣಗಾಯಿತು. ನಾನು ತಡಮಾಡದೆ, “ವಿಜ್ಞಾನದ ಪ್ರಕಾರ ಅಲ್ಲಮ್ಮ” ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋದೆ. ಅವಳು ಕೂತಳು. ಆ ಪೀರಿಯಡ್ ಮುಗಿಯುವವರೆಗೆ ತಲೆ ಎತ್ತಲಿಲ್ಲ.

ಹಿಂದಿನ ಬೆಂಚಿನಲ್ಲಿ ನನ್ನ ಮಾರ್ಗದರ್ಶಕ ಶಿಕ್ಷಕರು ಕೂತಿದ್ದರು. ಅವರು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿದವರು, ಗಣಿತದ ಪಾಠಗಳನ್ನು ತೆಗೆದುಕೊಳ್ಳುತ್ತಿದ್ದರು. ವಿಜ್ಞಾನದ ಇನ್ನೊಂದು ಹುದ್ದೆ ಖಾಲಿ ಇತ್ತು. ಹಾಗಾಗಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿದ ನನ್ನ ಪಾಲಿಗೆ ಜೀವಶಾಸ್ತ್ರದ ಜೊತೆ ಭೌತಶಾಸ್ತ್ರವೂ ಬಂದಿತ್ತು. ತರಬೇತಿಗೆ ಬಂದವರನ್ನು ಖಾಲಿ ಹುದ್ದೆಯ ಜಾಗಕ್ಕೆ ನಿಲ್ಲಿಸುವುದು ಸರಿಯಲ್ಲ ಎಂದೇ ನಾನು ಈಗಲೂ ನಂಬಿದ್ದೇನೆ. ಕಲಿಯಲು ಬಂದವರಿಗೆ ನೋಡುವ, ತಪ್ಪುವ, ತಿದ್ದಿಕೊಳ್ಳುವ ಬಿಡುವು ಬೇಕು. ಮಕ್ಕಳಿಗೆ ವರ್ಷಪೂರ್ತಿ ಇರುವ ಶಿಕ್ಷಕರು ಬೇಕು. ಆದರೆ ನನಗೆ ಬಂದ ಭೌತಶಾಸ್ತ್ರ ನನ್ನನ್ನು ನಾನು ತಿಳಿಯದ ಕಡೆ ಕರೆದುಕೊಂಡು ಹೋಯಿತು ಎಂಬುದೂ ಅಷ್ಟೇ ನಿಜ.

ಪಾಠ ಮುಗಿದ ಮೇಲೆ ಸರ್ ತಮ್ಮ ವೀಕ್ಷಣಾ ಪುಸ್ತಕ ತೋರಿಸಿದರು. ಅಭಿಪ್ರಾಯ ಬರೆಯುವ ಜಾಗದಲ್ಲಿ ಬರೀ ಅಂಕಿಗಳು: 1, 1, 2, 1, 1. ನಾನು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾದ ಸೆಕೆಂಡುಗಳು ಅವು. “ಪ್ರಶ್ನೆ ನೀವ ಕೇಳ್ತೀರಿ, ಉತ್ತರಾನೂ ನೀವ ಹೇಳ್ತೀರಿ. ಆ ಹುಡುಗಿ ಕೇಳಿದ್ದಕ್ಕಂತೂ ಅರ್ಧ ಸೆಕೆಂಡೂ ನಿಲ್ಲಲಿಲ್ಲ” ಎಂದರು. ಗದರಿಸುವ ದನಿ ಇರಲಿಲ್ಲ. ಅದಕ್ಕೇ ಇನ್ನೂ ಚುಚ್ಚಿತು.

ಈ ಸೆಕೆಂಡುಗಳ ಲೆಕ್ಕಕ್ಕೆ ಹಿನ್ನೆಲೆ ಇದೆ. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ಗಳು ಕಡಿಮೆಯಾದವು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು. 1970ರ ದಶಕದಲ್ಲಿ ಪ್ರಕಟವಾದ ಈ ಕೆಲಸವನ್ನು ನಾನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆದರೆ ನಲವತ್ತು ಮಕ್ಕಳ ಕಣ್ಣು ನಿಮ್ಮ ಮೇಲಿರುವಾಗ ಮೂರು ಸೆಕೆಂಡಿನ ಮೌನ ಎಷ್ಟು ಉದ್ದವೆಂಬುದು ಅಲ್ಲಿ ನಿಂತವರಿಗೇ ಗೊತ್ತಾಗುವುದು. ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಕಾಲೇಜಿನಲ್ಲಿ ನಮಗೆ ಸೂಕ್ಷ್ಮ ಬೋಧನೆ ಮಾಡಿಸಿದ್ದರು. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ ಅದು. ನಮ್ಮಲ್ಲಿ ಬಳಸುವ ರೂಪದಲ್ಲಿ 36 ನಿಮಿಷದ ಚಕ್ರ: ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ. ಪ್ರಶ್ನೆ ಕೇಳುವ ಕೌಶಲ, ವಿವರಿಸುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಎಂದು ಒಂದೊಂದನ್ನೇ ಬಿಡಿಸಿ ರೂಢಿ ಮಾಡಿಸುತ್ತಾರೆ. ಉಪಯೋಗವಿಲ್ಲ ಎನ್ನಲಾರೆ. ಆದರೆ ಅಲ್ಲಿ ಮಕ್ಕಳ ಪಾತ್ರದಲ್ಲಿ ಕೂರುವವರು ನಮ್ಮ ಸಹಪಾಠಿಗಳು. ಅವರಿಗೆ ಉತ್ತರ ಗೊತ್ತು. ಅವರ ಅವ್ವಂದಿರ ಪುಟ್ಟಿಯ ಮಾತು ಅಲ್ಲಿ ಬರುವುದಿಲ್ಲ.

ಬಿ.ಎಡ್. ಒಂದು ವರ್ಷದ್ದಾಗಿದ್ದ ಕಾಲದಲ್ಲಿ ಬೋಧನಾಭ್ಯಾಸಕ್ಕೆ ಸಿಗುತ್ತಿದ್ದದ್ದು ಕೆಲವೇ ವಾರ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟ ಮೇಲೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮ ತಂದಿತು. ಬಿ.ಎಡ್. ಎರಡು ವರ್ಷದ್ದಾಯಿತು. ಮೊದಲ ವರ್ಷ ನಾಲ್ಕು ವಾರ, ಎರಡನೇ ವರ್ಷ 16 ವಾರ, ಒಟ್ಟು 20 ವಾರ ಶಾಲೆಯಲ್ಲೇ ಇರಬೇಕೆಂದು ನಿಗದಿಯಾಯಿತು. ಇಷ್ಟು ವಾರ ಯಾಕೆ ಎಂದು ನನ್ನ ಗೆಳತಿಯರು ಗೊಣಗಿದ್ದುಂಟು; ಬಸ್ಸಿನ ಖರ್ಚು, ಬಾಡಿಗೆ, ಕೈಗೆ ಬಾರದ ಸಂಬಳ, ಎಲ್ಲವೂ ನಿಜವಾದ ಕಷ್ಟಗಳೇ. ಆದರೆ ನಾಲ್ಕು ಪಾಠ ಮಾಡಿ ಸಹಿ ಹಾಕಿಸಿಕೊಂಡು ಹೊರಟುಬಿಡುವ ವ್ಯವಸ್ಥೆಯಿದ್ದರೆ ಆ ಹುಡುಗಿ ನನ್ನ ಪಾಲಿಗೆ ಹಾಗೇ ತಲೆ ತಗ್ಗಿಸಿ ಕೂತೇ ಇರುತ್ತಿದ್ದಳು. ನಾನು ಕೊಟ್ಟ ತಪ್ಪು ಉತ್ತರಕ್ಕೆ ಮರಳಿ ಬರಲು ನನಗೆ ದಿನಗಳು ಉಳಿದಿದ್ದವು. ಇಂಟರ್ನ್‌ಶಿಪ್ಪಿನ ಉದ್ದಕ್ಕೆ ಅದೊಂದೇ ಕಾರಣ ಸಾಕು.

ಆ ದಿನದ ನಂತರ ನಾನು ಮಕ್ಕಳ ಮಾತನ್ನು ಕಿವಿಗೊಟ್ಟು ಕೇಳತೊಡಗಿದೆ. ಆಗ ಹಳೆಯ ಪಾಠಗಳೂ ನೆನಪಿಗೆ ಬಂದವು. ಆಗಸ್ಟಿನಲ್ಲಿ ನಾವು ಶಾಲೆಗೆ ಹೋದಾಗ ಹೆಸರು ಬಿಡಿಸುವ ಸುಗ್ಗಿ. ಎರಿ ಹೊಲಗಳಲ್ಲಿ ಹೆಸರುಕಾಯಿ ಕರ್ರಗಾಗಿ ನಿಂತಿದ್ದವು, ಹಾಜರಿ ಅರ್ಧಕ್ಕಿಳಿದಿತ್ತು. ಮರಳಿ ಬಂದ ಹುಡುಗನೊಬ್ಬನನ್ನು ಯಾಕೆ ಬರಲಿಲ್ಲ ಎಂದು ಕೇಳಿದರೆ, “ರಾಶಿ ಇತ್ರೀ” ಎಂದಿದ್ದ. ಅದೇ ಹುಡುಗನಿಗೆ ಮುಂದೆ ನಾನು ‘ದ್ರವ್ಯರಾಶಿ’ ಎಂಬ ಪದ ಕೊಟ್ಟೆ. ಅವನ ಪಾಲಿಗೆ ರಾಶಿ ಎಂದರೆ ಕಣದಲ್ಲಿ ಬಿದ್ದ ಕಾಳಿನ ಗುಡ್ಡೆ, ಅದನ್ನು ಮಾಡುವ ಕೆಲಸ, ಅದರ ಹಬ್ಬ. ಒಂದು ಕಾಳಿಗೂ ದ್ರವ್ಯರಾಶಿ ಇದೆ ಎಂದರೆ ಅವನು ನಂಬಲಾರದೆ ನೋಡಿದ. ಒಂದೇ ಕಾಳು ರಾಶಿ ಹೇಗಾದೀತು?

ಹಾಗೆಯೇ ‘ಜವ’. ಸ್ಪೀಡ್ ಎಂದು ಬಸ್ಸಿನವರೂ ಹೇಳುವುದಕ್ಕೆ ಪಠ್ಯಪುಸ್ತಕದಲ್ಲಿ ಜವ. ದಿಕ್ಕು ಸೇರಿದರೆ ವೇಗ. ಮಕ್ಕಳಿಗೆ ಜವ ಎಂದಕೂಡಲೇ ಕಾಣುವವನು ಅಜ್ಜಿಯ ಹಾಡಿನ ಜವರಾಯ. ‘ಜಡತ್ವ’ ಎಂದರೆ ಜಡ್ಡು, ಅಂದರೆ ಕಾಯಿಲೆ. ಕಾಯಿಲೆ ಬಿದ್ದವನು ಹಾಸಿಗೆ ಬಿಟ್ಟು ಏಳುವುದಿಲ್ಲ, ಆದ್ದರಿಂದ ನಿಂತ ವಸ್ತುವಿಗೆ ಜಡತ್ವ ಇದೆ ಎಂದು ಒಬ್ಬ ಹುಡುಗಿ ಬಿಡಿಸಿ ಹೇಳಿದಾಗ ಎಷ್ಟು ಚೆನ್ನಾಗಿದೆ ಅನ್ನಿಸಿತು. ಆದರೆ ಅದೇ ಅರ್ಥ ಹಿಡಿದು ನಡೆದರೆ ಓಡುವ ಬಸ್ಸಿಗೆ ಜಡತ್ವ ಇದೆಯೆಂದು ಅವಳು ಎಂದಿಗೂ ಒಪ್ಪಲಾರಳು. ಬ್ರೇಕ್ ಹಾಕಿದಾಗ ಎಲ್ಲರೂ ಮುಂದಕ್ಕೆ ಮುಗ್ಗರಿಸುವುದನ್ನು ಅವಳ ಅನುಭವದಿಂದಲೇ ಎತ್ತಿಕೊಂಡು ಬರಬೇಕು. ಮಕ್ಕಳು ತರಗತಿಗೆ ಖಾಲಿ ತಲೆಯಲ್ಲಿ ಬರುವುದಿಲ್ಲ, ತಮ್ಮದೇ ವಿವರಣೆಗಳನ್ನು ಹೊತ್ತು ಬರುತ್ತಾರೆ ಎಂದು ಇಂಗ್ಲೆಂಡಿನ ರೊಸಾಲಿಂಡ್ ಡ್ರೈವರ್ 1980ರ ದಶಕದಲ್ಲಿ ಬರೆದರು. ನಮ್ಮಲ್ಲಿ ಅವರು ಪದಗಳನ್ನೂ ಹೊತ್ತು ಬರುತ್ತಾರೆ.

ಇಂಥಲ್ಲಿ ಕೆಲವರು ಹೇಳುವ ಪರಿಹಾರ ಇಂಗ್ಲಿಷ್ ಪದಗಳನ್ನೇ ಬಳಸಿಬಿಡಿ ಎಂಬುದು. ನನಗೆ ಅದು ಒಪ್ಪಿಗೆಯಿಲ್ಲ. ‘ವರ್ಕ್’ ಎಂದು ಬರೆದರೆ ಆ ಹುಡುಗಿಯ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ, ಅಷ್ಟೇ. ಪ್ರಶ್ನೆ ಹುಟ್ಟದಿರುವುದು ಅರ್ಥವಾಗಿದೆ ಎಂಬುದರ ಗುರುತಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದಾಗಿನಿಂದ, ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದ ಕಾಲವನ್ನು ದಾಟಿ, ಕನ್ನಡದಲ್ಲಿ ವಿಜ್ಞಾನ ಹೇಳಬೇಕೆಂದವರೆಲ್ಲ ಪದಗಳೊಂದಿಗೆ ಗುದ್ದಾಡಿದ್ದಾರೆ. ಸಂಸ್ಕೃತದಿಂದ ಕಟ್ಟಿದ ‘ವೇಗೋತ್ಕರ್ಷ’ದಂಥ ಪದ ನಾಲಿಗೆಗೆ ಭಾರ, ಆದರೆ ಬೇರೆ ಅರ್ಥದ ಗೊಂದಲವಿಲ್ಲ. ಊರಿನ ಬಾಯಲ್ಲಿರುವ ಕೆಲಸ, ಬಲ, ಶಕ್ತಿಗಳು ಹಗುರ, ಆದರೆ ಅವುಗಳ ಹಿಂದೆ ಇಡೀ ಊರಿನ ಬದುಕಿದೆ. ಅವನ್ನು ಕಲಿಸುವಾಗ ಆ ಬದುಕನ್ನು ಬದಿಗೆ ಸರಿಸಿ ಸೂತ್ರ ಬರೆದರೆ ಮಗುವಿನ ಅವ್ವನನ್ನೂ ಬದಿಗೆ ಸರಿಸಿದಂತೆ. ನಾನು ಮಾಡಿದ್ದು ಅದನ್ನೇ.

ಹಾಗಾದರೆ ಭೌತಶಾಸ್ತ್ರದ ‘ಕೆಲಸ’ ಎಲ್ಲಿಂದ ಬಂತು? ಹುಡುಕಿ ಓದಿದಾಗ ನನಗೆ ಅಚ್ಚರಿ ಕಾದಿತ್ತು. ಆ ಪದ ಹುಟ್ಟಿದ್ದೇ ದುಡಿಯುವವರನ್ನು ಅಳೆಯುವುದರಿಂದ. ಗಣಿಯೊಳಗಿನ ನೀರನ್ನು ಕುದುರೆ ಎತ್ತುತ್ತದೆ, ಉಗಿಯಂತ್ರವೂ ಎತ್ತುತ್ತದೆ. ಯಾವುದು ಎಷ್ಟು ಎತ್ತಿತು ಎಂದು ಹೋಲಿಸಲು ತೂಕವನ್ನು ಎತ್ತರದಿಂದ ಗುಣಿಸುವುದು ಎಂಜಿನಿಯರುಗಳ ರೂಢಿಯಾಯಿತು. ವಿದ್ಯುದಾವೇಶದ ಮಾನಕ್ಕೆ ಹೆಸರಾದ ಫ್ರಾನ್ಸಿನ ಕೂಲಂಬ್ 18ನೇ ಶತಮಾನದ ಕೊನೆಗೆ ಮನುಷ್ಯರ ದಿನದ ದುಡಿಮೆಯ ಬಗ್ಗೆಯೇ ಒಂದು ಪ್ರಬಂಧ ಓದಿದ. ಬರಿಗೈಯಲ್ಲಿ ಮೆಟ್ಟಿಲೇರುವವರು, ಹೊರೆ ಹೊತ್ತು ಏರುವವರು, ಇಬ್ಬರನ್ನೂ ಹೋಲಿಸಿದ. ದುಡಿಮೆಯಿಂದ ಆಗುವ ಪರಿಣಾಮ ಬೇರೆ, ದುಡಿಯುವವನಿಗಾಗುವ ದಣಿವು ಬೇರೆ, ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದ. 1829ರಲ್ಲಿ ಅದೇ ದೇಶದ ಕೊರಿಯೋಲಿಸ್ ಯಂತ್ರಗಳ ಕುರಿತ ತನ್ನ ಪುಸ್ತಕದಲ್ಲಿ ಬಲ ಮತ್ತು ದೂರದ ಗುಣಲಬ್ಧಕ್ಕೆ ದುಡಿಮೆ ಎಂಬ ಅರ್ಥದ ‘ತ್ರಾವಾಯ್’ ಪದವನ್ನೇ ಇಟ್ಟ. ಮುಂದೆ ಪಠ್ಯಪುಸ್ತಕಗಳಲ್ಲಿ ಗುಣಲಬ್ಧ ಉಳಿಯಿತು, ದಣಿವು ಬಿಟ್ಟುಹೋಯಿತು. ಎರಡನೇ ಸಾಲಿನ ನಮ್ಮ ಹುಡುಗಿ ಕೇಳಿದ್ದು ಕೂಲಂಬ್ ಕೇಳಿದ್ದ ಪ್ರಶ್ನೆಯನ್ನೇ.

ಮೂರು ದಿನ ಬಿಟ್ಟು ಮತ್ತೆ ಅದೇ ತರಗತಿಗೆ ಹೋದೆ. ಮೊದಲಿಗೆ ಆ ಹುಡುಗಿಯ ಹೆಸರು ಹಿಡಿದು ಕರೆದು, “ಅವತ್ತು ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ, ಇವತ್ತು ಎಲ್ಲರೂ ಸೇರಿ ನೋಡೋಣ” ಎಂದೆ. ಇಬ್ಬರು ಹುಡುಗರನ್ನು ಕರೆದು, ಪುಸ್ತಕ ತುಂಬಿದ ಪಾಟಿಚೀಲವನ್ನು ಕೈಚಾಚಿ ಹಿಡಿದು ನಿಲ್ಲಲು ಹೇಳಿದೆ. ಇನ್ನೊಂದು ಚೀಲವನ್ನು ಮೇಜಿನ ಮೇಲಿಟ್ಟೆ. ಒಂದು ನಿಮಿಷ ಆಗುವ ಮೊದಲೇ ಹುಡುಗರ ಕೈ ನಡುಗತೊಡಗಿದವು. ಇಡೀ ತರಗತಿ ಎಣಿಸುತ್ತಿತ್ತು. ಚೀಲ ಮೇಲೇರಿಲ್ಲ, ಕೆಳಗಿಳಿದಿಲ್ಲ. ಸೂತ್ರದ ಪ್ರಕಾರ ಮೇಜು ಮಾಡಿದ ಕೆಲಸವೂ ಸೊನ್ನೆ, ಹುಡುಗರದ್ದೂ ಸೊನ್ನೆ. ಮೇಜಿಗೆ ದಣಿವಿಲ್ಲ, ಹುಡುಗರಿಗೆ ದಣಿವು. ಯಾಕೆ?

ಇಲ್ಲಿ ನನ್ನ ಜೀವಶಾಸ್ತ್ರ ಕೈಹಿಡಿಯಿತು. ಸ್ನಾಯುವಿನ ಒಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ತಂತುಗಳು ಒಂದರ ಪಕ್ಕ ಒಂದು ಇವೆ. ಅವು ಒಂದರ ಮೇಲೊಂದು ಜಾರುವುದರಿಂದ ಸ್ನಾಯು ಕುಗ್ಗುತ್ತದೆ ಎಂಬುದನ್ನು 1954ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿಕೊಟ್ಟವು. ಮಯೋಸಿನ್‌ನ ಪುಟ್ಟ ತಲೆಗಳು ಆಕ್ಟಿನ್ನನ್ನು ಹಿಡಿಯುತ್ತವೆ, ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಬಾವಿಯ ಹಗ್ಗವನ್ನು ಕೈಬದಲಿಸಿ ಹಿಡಿದುಕೊಂಡೇ ನಿಂತ ಹಾಗೆ. ಪ್ರತಿ ಹಿಡಿತಕ್ಕೂ ಎಟಿಪಿ ಎಂಬ ಅಣು ಖರ್ಚಾಗುತ್ತದೆ. ಚೀಲ ನಿಶ್ಚಲವಾಗಿದ್ದರೂ ತೋಳಿನೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ಎಳೆತಗಳು ನಡೆಯುತ್ತಲೇ ಇರುತ್ತವೆ. ಉಂಡ ಅನ್ನದ ಶಕ್ತಿ ಶಾಖವಾಗಿ ಹೋಗುತ್ತದೆ. ಚೀಲದ ಮೇಲೆ ನಡೆದ ಕೆಲಸ ಸೊನ್ನೆ. ದೇಹ ಖರ್ಚು ಮಾಡಿದ ಶಕ್ತಿ ಸೊನ್ನೆಯಲ್ಲ. ‘ಯಾವುದರ ಮೇಲೆ ನಡೆದ ಕೆಲಸ’ ಎಂದು ನಾನು ಮೊದಲ ದಿನ ಕೇಳಿಕೊಂಡಿರಲಿಲ್ಲ. ಸೂತ್ರದಲ್ಲಿ ತಪ್ಪಿರಲಿಲ್ಲ, ಅದನ್ನು ಒಬ್ಬ ಹೆಂಗಸಿನ ಇಡೀ ದಿನಕ್ಕೆ ಅಂಟಿಸಿದ ನನ್ನ ಉತ್ತರದಲ್ಲಿತ್ತು.

ಆಮೇಲೆ ಲೆಕ್ಕ ಮಾಡಿದೆವು. ಮರಳು ತುಂಬಿದ ಪುಟ್ಟಿ 15 ಕೆ.ಜಿ. ಎಂದಿಟ್ಟುಕೊಂಡೆವು. ಒಂದು ಮಹಡಿಯ ಎತ್ತರ 3 ಮೀಟರ್. 15 × 9.8 × 3, ಅಂದರೆ 441 ಜೂಲ್. ನೂರು ಸಲ ಹೊತ್ತರೆ 44,100 ಜೂಲ್. ಕಿಲೊಕ್ಯಾಲರಿಯಲ್ಲಿ ಹೇಳಿದರೆ ಹತ್ತೂವರೆಯಷ್ಟು. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕಿಲೊಕ್ಯಾಲರಿ ಇರುತ್ತದೆ. “ಅಂದ್ರ ರೊಟ್ಟಿ ಚೂರು ತಿಂದ್ರ ಸಾಕಾಗ್ತೈತೇನ್ರೀ?” ಎಂದ ಒಬ್ಬ. ನಾನು ಬಾಯಿ ತೆರೆಯಲಿಲ್ಲ. ನಾಲ್ಕು ಸೆಕೆಂಡಾದ ಮೇಲೆ ಕಿಟಕಿ ಪಕ್ಕದ ಹುಡುಗಿ, “ಪುಟ್ಟಿ ಒಂದ ಏರ್ತೈತೇನ? ಅವ್ವಾನೂ ಏರ್ತಾಳಲ್ಲ” ಎಂದಳು.

50 ಕೆ.ಜಿ. ತೂಕದ ಅವ್ವ 3 ಮೀಟರ್ ಏರಿದರೆ 1,470 ಜೂಲ್. ನೂರು ಸಲಕ್ಕೆ 1,47,000. ಎರಡೂ ಸೇರಿ 1,91,100 ಜೂಲ್, ಸುಮಾರು 46 ಕಿಲೊಕ್ಯಾಲರಿ. ಸ್ನಾಯುಗಳು ತಾವು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಇಂಥ ಕೆಲಸವಾಗಿ ಮಾರ್ಪಡಿಸುತ್ತವೆ, ಉಳಿದದ್ದು ಶಾಖ, ಬೆವರು. ಹಾಗಾಗಿ ಬರೀ ಏರುವುದಕ್ಕೇ ಒಂದು ರೊಟ್ಟಿ ಬೇಕು. ಮರಳು ತುಂಬುವುದು, ಬಿಸಿಲಲ್ಲಿ ನಿಲ್ಲುವುದು, ತಲೆಯ ಮೇಲೆ ಪುಟ್ಟಿ ಸಮತೋಲ ಮಾಡುವುದು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಉಸಿರಾಟಕ್ಕೆ, ಹೃದಯ ಬಡಿತಕ್ಕೆ ದಿನವೂ ಸಾವಿರ ಕಿಲೊಕ್ಯಾಲರಿಗೂ ಮೀರಿ ಬೇಕು, ಅದು ಬೇರೆಯೇ.

ಅಡ್ಡಕ್ಕೆ ನಡೆಯುವ ವಿಷಯವನ್ನು ಒಬ್ಬ ಹುಡುಗ ತೆಗೆದ. ಅವನ ಅಪ್ಪ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಎತ್ತಲು ಹೋಗಿದ್ದ. ಅಳತೆ ಮಾಡಲು ಬಂದ ಎಂಜಿನಿಯರ್ ಬಾಯಲ್ಲಿ ‘ಲೀಡ್’, ‘ಲಿಫ್ಟ್’ ಎಂಬ ಮಾತು ಕೇಳಿದ್ದನಂತೆ. ಮಣ್ಣು ಕೆಲಸದ ದರಪಟ್ಟಿಯಲ್ಲಿ ಅದು ನಿಜಕ್ಕೂ ಇದೆ. ಅಗೆದ ಮಣ್ಣನ್ನು ಎಷ್ಟು ದೂರ ಸಾಗಿಸಿದರು ಎಂಬುದು ಲೀಡ್, ಎಷ್ಟು ಎತ್ತರಕ್ಕೆ ಎತ್ತಿದರು ಎಂಬುದು ಲಿಫ್ಟ್. ಸಾಮಾನ್ಯ ದರ 50 ಮೀಟರ್ ಲೀಡ್, 1.5 ಮೀಟರ್ ಲಿಫ್ಟ್‌ವರೆಗೆ. ಅದನ್ನು ಮೀರಿದರೆ ಹೆಚ್ಚಿನ ದರ. ಸಮತಟ್ಟಾದ ದಾರಿಯಲ್ಲಿ ಹೊತ್ತ ಮಣ್ಣಿಗೆ ಭೌತಶಾಸ್ತ್ರ ಸೊನ್ನೆ ಬರೆಯುತ್ತದೆ, ಕೂಲಿಯ ಪುಸ್ತಕ ಬರೆಯುವುದಿಲ್ಲ. ಎರಡೂ ತಮ್ಮ ತಮ್ಮ ಪ್ರಶ್ನೆಗೆ ಸರಿಯಾದ ಉತ್ತರಗಳು. ಇದನ್ನು ನನಗೆ ಯಾವ ಪಾಠ ಯೋಜನೆಯೂ ಕಲಿಸಿರಲಿಲ್ಲ, ಒಂಬತ್ತನೇ ತರಗತಿಯ ಹುಡುಗ ಕಲಿಸಿದ.

ಡಿಸೆಂಬರಿನಲ್ಲಿ ಪಾಲಕರ ಸಭೆ. ಆ ಹುಡುಗಿಯ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಸೆರಗಿನ ಅಂಚಿನಲ್ಲಿ ಸಿಮೆಂಟಿನ ಬೂದು ಇನ್ನೂ ಇತ್ತು. “ನನ್ನ ಮಗಳು ರೊಟ್ಟಿ ಲೆಕ್ಕ ಹೇಳಿದ್ಳರೀ” ಎಂದು ನಕ್ಕರು. ಸ್ವಲ್ಪ ತಡೆದು, “ಆದ್ರ ಆಕಿ ಇಳಿಯೂದು ಹಿಡದಿಲ್ಲ ನೋಡ್ರೀ. ಏರೂದಕ್ಕಿಂತ ಇಳಿಯುವಾಗ ಮೊಳಕಾಲ ಬಾಳ ನೋಯ್ತಾವು. ಖಾಲಿ ಪುಟ್ಟಿ ಇದ್ರೂ” ಎಂದರು.

ನನ್ನಲ್ಲಿ ಉತ್ತರ ಇರಲಿಲ್ಲ. “ಓದಿ ಹೇಳ್ತೀನಿ ಅವ್ವಾರ” ಎಂದೆ. ಆ ರಾತ್ರಿ ಓದಿದೆ. ಮೆಟ್ಟಿಲಿಳಿಯುವಾಗ ತೊಡೆಯ ಸ್ನಾಯು ಕುಗ್ಗುವುದಿಲ್ಲ. ಬೀಳುವ ದೇಹವನ್ನು ತಡೆಯುತ್ತಾ ಎಳೆದುಕೊಂಡೇ ಉದ್ದವಾಗುತ್ತದೆ. ಹೀಗೆ ಬ್ರೇಕ್ ಹಾಕುವುದಕ್ಕೆ ಏರುವುದಕ್ಕಿಂತ ಕಡಿಮೆ ಶಕ್ತಿ ಸಾಕು. ಆದರೆ ಎಳೆತಕ್ಕೆ ಸಿಕ್ಕ ಸ್ನಾಯು ತಂತುಗಳಿಗೆ ಆಗುವ ಪೆಟ್ಟು ಹೆಚ್ಚು; ಪ್ರತಿ ಹೆಜ್ಜೆಯ ಭಾರ ಬಗ್ಗಿದ ಮೊಣಕಾಲಿನ ಮೇಲೆಯೇ ಇಳಿಯುತ್ತದೆ. ಲೆಕ್ಕದಲ್ಲಿ ಇದು ಋಣ ಕೆಲಸ: ಸ್ನಾಯುವಿನ ಬಲ ಮೇಲಕ್ಕೆ, ದೇಹದ ಚಲನೆ ಕೆಳಕ್ಕೆ.

ಮರುದಿನ ನನ್ನ ಕೊನೆಯ ಪಾಠಗಳಲ್ಲೊಂದು. ಹುಡುಗಿಯನ್ನು ಬೋರ್ಡಿಗೆ ಕರೆದು ಅವ್ವ ಹೇಳಿದ್ದನ್ನು ತರಗತಿಗೆ ಹೇಳಲು ಹೇಳಿದೆ. ಅವಳು ಹೇಳಿದಳು. ಸೀಮೆಸುಣ್ಣ ಹಿಡಿದು ಏರುವುದಕ್ಕೆ 1,470 ಬರೆದಳು, ಅದರ ಕೆಳಗೆ ಇಳಿಯುವುದಕ್ಕೆ ಋಣ ಚಿಹ್ನೆ ಹಾಕಿ ಮತ್ತೆ 1,470 ಬರೆದಳು. ಗೆರೆ ಎಳೆದು ಕೂಡಿಸಿದಳು. ಸೊನ್ನೆ ಬಂತು. ಅದನ್ನು ನೋಡುತ್ತಾ ನಿಂತಳು, ಆಮೇಲೆ ನನ್ನ ಕಡೆಗಲ್ಲ, ತರಗತಿಯ ಕಡೆ ತಿರುಗಿ ಕೇಳಿದಳು: “ಹಂಗಾದ್ರ ಮೊಳಕಾಲ ಯಾಕ ನೋಯ್ತಾವು?”

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹಿಂದಿನ ಬೆಂಚಿನಲ್ಲಿ ಸರ್ ಪೆನ್ನು ಹಿಡಿದಿದ್ದರು. ಒಂದು, ಎರಡು, ಮೂರು, ನಾಲ್ಕು, ಐದು. ಕೊನೆಯ ಸಾಲಿನಲ್ಲಿ ಅದುವರೆಗೆ ಒಮ್ಮೆಯೂ ಮಾತಾಡದ ಹುಡುಗನೊಬ್ಬ ನಿಧಾನಕ್ಕೆ ಕೈ ಎತ್ತಿದ.